ಗಾಡಿಯ ತಳ ತೂತಾಗಲಿಲ್ಲ, ಸರಿ. ಒಳಗೆ ಕೂತವರ ಕಾಲು ಏನಾಯಿತು?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಣ್ಣ ಸಿಆರ್‌ಪಿಎಫ್‌ನಲ್ಲಿದ್ದಾನೆ. ನೆಲಬಾಂಬ್ ತಡೆಯುವ ವಾಹನವೊಂದರ ಪರೀಕ್ಷೆಯ ವಿಡಿಯೊ ನೋಡಿದೆ. ಕೆಳಗೆ ಸ್ಫೋಟವಾಗಿ ಇಡೀ ಗಾಡಿ ಒಂದಡಿ ಮೇಲಕ್ಕೆ ಹಾರಿ ಬಿತ್ತು. ತಳ ಸ್ವಲ್ಪ ನಗ್ಗಿತ್ತು, ತೂತು ಬಿದ್ದಿರಲಿಲ್ಲ. ‘ಪಾಸ್’ ಅಂದರು. ಬರೀ ನಗ್ಗು ಅಳೆದು ಹೀಗೆ ಹೇಳುತ್ತಾರಾ? ಒಳಗಿದ್ದವರಿಗೆ ಏನೂ ಆಗಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ನಗ್ಗು ಅಳೆಯುತ್ತಾರೆ. ಆದರೆ ಅದೊಂದನ್ನೇ ನಂಬಿ ಕೂತರೆ ಕೆಟ್ಟೆವು. ಪರೀಕ್ಷೆ ಮುಗಿದ ಮೇಲೆ ಕಾಣುವ ನಗ್ಗು, ಪ್ಲೇಟು ಕೊನೆಗೆ ಎಲ್ಲಿ ಬಂದು ನಿಂತಿತು ಅನ್ನುವುದನ್ನಷ್ಟೇ ಹೇಳುತ್ತದೆ. ನಡುವೆ ಎಲ್ಲಿಯವರೆಗೆ ಹೋಗಿ ವಾಪಸ್ ಬಂತು ಅಂತ ಹೇಳುವುದಿಲ್ಲ. ಕಾಲು ಮುರಿಯುವುದು ಆ ನಡುವಿನ ಹೊತ್ತಿನಲ್ಲೇ.

ಹಳೇ ಎಣ್ಣೆ ಡಬ್ಬದ ತಳವನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಟಕ್ ಅಂತ ಒಳಗೆ ಹೋಗುತ್ತದೆ. ಬೆರಳು ತೆಗೆದರೆ ಬಹುಪಾಲು ವಾಪಸ್ ಬರುತ್ತದೆ, ಸ್ವಲ್ಪ ನಗ್ಗು ಉಳಿಯುತ್ತದೆ. ಗಾಡಿಯ ಉಕ್ಕಿನ ತಳವೂ ಇದೇ ಆಟ ಆಡುತ್ತದೆ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಪರೀಕ್ಷೆ ಆದಮೇಲೆ 60 ಮಿಮೀ ನಗ್ಗು ಉಳಿದಿದೆ. ಆ ಕ್ಷಣದಲ್ಲಿ ಪ್ಲೇಟು 100 ಮಿಮೀ ಒಳಗೆ ಬಂದಿತ್ತು ಅನ್ನಿ. ಒಳಗೆ ಜವಾನರು ಕಾಲಿಡುವ ನೆಲಹಾಸು ತಳದಿಂದ 80 ಮಿಮೀ ಮೇಲಿದೆ. ಅಂದರೆ ತಳದ ಪ್ಲೇಟು ಹೋಗಿ ನೆಲಹಾಸನ್ನು ಕೆಳಗಿಂದ ಗುದ್ದಿ ಬಂದಿದೆ. ಮರುದಿನ ಟೇಪು ಹಿಡಿದು ನೋಡಿದವರಿಗೆ ಮಾತ್ರ ‘ಇನ್ನೂ 20 ಮಿಮೀ ಜಾಗ ಉಳಿದಿದೆಯಲ್ಲ’ ಅನಿಸುತ್ತದೆ.

ಇನ್ನು ನೀವು ನೋಡಿದ ಆ ಒಂದಡಿ ಹಾರಾಟ. ವಿಡಿಯೊದಲ್ಲಿ ಎಲ್ಲರ ಕಣ್ಣು ಹೋಗುವುದು ಅಲ್ಲಿಗೇ. ನಿಜ ಹೇಳಬೇಕೆಂದರೆ ಇಡೀ ಘಟನೆಯಲ್ಲಿ ನನಗೆ ಕಡಿಮೆ ಹೆದರಿಕೆ ಹುಟ್ಟಿಸುವುದು ಅದೇ. 30 ಸೆಂಮೀ ಮೇಲೆ ಹೋಗಬೇಕಾದರೆ ಗಾಡಿ ಹೊರಟ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಒಂದಡಿ ಜಗಲಿಯಿಂದ ಅಂಗಳಕ್ಕೆ ಹಾರಿದಾಗ ನೆಲ ಮುಟ್ಟುವ ವೇಗವೂ ಅಷ್ಟೇ. ಬೆಲ್ಟು ಹಾಕಿ ಕೂತವನಿಗೆ ಅದು ತಡೆಯಲಾಗದ ಪೆಟ್ಟಲ್ಲ. ಈಗ ತಳದ ಪ್ಲೇಟಿನ ನಡುಭಾಗ ನೋಡಿ. 3 ಮಿಲಿಸೆಕೆಂಡಿನಲ್ಲಿ 100 ಮಿಮೀ ಒಳಗೆ ಬಂದಿದ್ದರೆ ಸರಾಸರಿ ವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಗಂಟೆಗೆ 120 ಕಿಮೀ. ಹೆದ್ದಾರಿಯಲ್ಲಿ ಓಡುವ ಕಾರು ಅಂಗಾಲಿಗೆ ಬಂದು ಗುದ್ದಿದ ಹಾಗೆ. ಇದು ಯಾವ ಮಾಮೂಲಿ ವಿಡಿಯೊದಲ್ಲೂ ಕಾಣುವುದಿಲ್ಲ.

ಹಾಗಂತ ಹಾರಾಟದ ಎತ್ತರ ದಂಡ ಅಲ್ಲ. ಅದರಿಂದ ಸ್ಫೋಟ ಗಾಡಿಗೆ ಒಟ್ಟು ಎಷ್ಟು ತಳ್ಳು ಕೊಟ್ಟಿತು ಅಂತ ಲೆಕ್ಕ ಸಿಗುತ್ತದೆ. ನಾವು ಅದನ್ನು ಇಂಪಲ್ಸ್ ಅನ್ನುತ್ತೇವೆ. ತೂಕವನ್ನು ವೇಗದಿಂದ ಗುಣಿಸಿದರಾಯಿತು. 14 ಟನ್ನಿನ ಗಾಡಿಯಾದರೆ ಸುಮಾರು 34,000 ನ್ಯೂಟನ್-ಸೆಕೆಂಡ್. ಎರಡು ಗಾಡಿ ಹೋಲಿಸಲು, ಒಂದೇ ಗಾಡಿಯ ಎರಡು ಪರೀಕ್ಷೆ ಒಂದೇ ತರ ಆಯಿತಾ ಅಂತ ನೋಡಲು ಈ ಸಂಖ್ಯೆ ಬೇಕು. ತಳವನ್ನು ದೋಣಿಯ ಹಾಗೆ ‘ವಿ’ ಆಕಾರದಲ್ಲಿ ಮಾಡುವ ಉಪಾಯದ ಫಲವೂ ಇಲ್ಲೇ ಕಾಣುತ್ತದೆ. ಚಪ್ಪಟೆ ತಳಕ್ಕೆ ನೇರ ಬಡಿಯುವ ಮಣ್ಣು, ಅನಿಲ ಇಳಿಜಾರಿನ ತಳದ ಪಕ್ಕಕ್ಕೆ ಜಾರಿ ಹೋಗುತ್ತವೆ, ಗಾಡಿಗೆ ಸಿಗುವ ತಳ್ಳು ಕಡಿಮೆ ಆಗುತ್ತದೆ. 1970ರ ದಶಕದಲ್ಲಿ ರೊಡೇಷಿಯಾ (ಈಗಿನ ಜಿಂಬಾಬ್ವೆ) ಮತ್ತು ದಕ್ಷಿಣ ಆಫ್ರಿಕಾದವರು ನೆಲಬಾಂಬ್ ಕಾಟ ತಾಳಲಾರದೆ ಬೆಳೆಸಿದ ವಿದ್ಯೆ ಇದು. ಅಲ್ಲಿಯ ಕ್ಯಾಸ್ಪಿರ್ ವಾಹನ ಆಮೇಲೆ ನಮ್ಮ ಸೇನೆಗೂ ಬಂತು. ಅಮೆರಿಕದವರು ಇರಾಕಿನಲ್ಲಿ ಪಾಠ ಕಲಿತು 2007ರಲ್ಲಿ ಎಂರಾಪ್ ಎಂಬ ನೆಲಬಾಂಬ್ ತಡೆಯುವ ಗಾಡಿಗಳನ್ನು ಸಾವಿರಗಟ್ಟಲೆ ಮಾಡಿಸಿದ್ದೂ ಇದೇ ದಾರಿಯಲ್ಲಿ.

ಈಗ ಅಸಲು ವಿಷಯ. ಮೂರು ಮಿಲಿಸೆಕೆಂಡಿನಲ್ಲಿ ಉಬ್ಬಿಬಿಡುವ ಪ್ಲೇಟನ್ನು ಹಿಡಿಯುವುದು ಹೇಗೆ? ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಅನ್ನುತ್ತೇವಲ್ಲ, ಆ ಅಳತೆ ಇಲ್ಲಿ ತೀರಾ ನಿಧಾನ. ಕಣ್ಣು ಮಿಟುಕಿಸಲು 100 ಮಿಲಿಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ಪ್ಲೇಟು ಉಬ್ಬಿ, ಇಳಿದು, ಕಾಲಿನ ಪೆಟ್ಟು, ಬೆನ್ನಿನ ಪೆಟ್ಟು ಎಲ್ಲ ಮುಗಿದಿರುತ್ತದೆ. ಗಾಡಿ ಮಾತ್ರ ಇನ್ನೂ ಮೇಲೆ ಏರುತ್ತಿರುತ್ತದೆ.

ಎಲ್ಲಕ್ಕಿಂತ ಹಳೆಯ, ನಾನು ಎಲ್ಲಕ್ಕಿಂತ ಜಾಸ್ತಿ ನಂಬುವ ಉಪಾಯಕ್ಕೆ ಕರೆಂಟೂ ಬೇಡ, ಕಂಪ್ಯೂಟರೂ ಬೇಡ. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಇಟ್ಟಿಗೆಯ ಮೇಲೆ ತೆಳು ತಗಡಿನ ತುಂಡು ಇಡಿ. ಅದರ ನಡುವಿಗೆ ಸರಿಯಾಗಿ ಕೆಳಗೆ ಚಪಾತಿ ಹಿಟ್ಟಿನ ಗೋಪುರ ಮಾಡಿ, ತುದಿ ತಗಡಿಗೆ ತಾಗುವಷ್ಟು ಎತ್ತರ. ಈಗ ಮೇಲಿಂದ ಒಂದು ಗುಂಡುಕಲ್ಲು ಬಿಡಿ. ತಗಡು ಬಗ್ಗಿ ಹಿಟ್ಟನ್ನು ಒತ್ತುತ್ತದೆ, ಆಮೇಲೆ ತಾನು ಸ್ವಲ್ಪ ಮೇಲೆ ಏಳುತ್ತದೆ. ಹಿಟ್ಟು ಏಳುವುದಿಲ್ಲ. ತಗಡಿಗೂ ಹಿಟ್ಟಿಗೂ ನಡುವೆ ಉಳಿದ ಸಂದಿ ಇದೆಯಲ್ಲ, ನಗ್ಗು ನಮ್ಮಿಂದ ಮುಚ್ಚಿಟ್ಟಿದ್ದು ಅದನ್ನೇ.

ಗಾಡಿಯಲ್ಲಿ ಹಿಟ್ಟಿನ ಬದಲು ಕುಸಿಯುವ ಕೊಳವೆ, ಇಲ್ಲವೇ ಜೇನುಗೂಡಿನಂತೆ ತೂತು ತೂತಾದ ಅಲ್ಯೂಮಿನಿಯಂ ದಿಮ್ಮಿ ಇಡುತ್ತೇವೆ. ಇನ್ನೊಂದು ಬಗೆ ಬಾಚಣಿಗೆ. ಉಕ್ಕಿನ ಹಲ್ಲುಗಳು ಒಂದಕ್ಕಿಂತ ಒಂದು ಸ್ವಲ್ಪ ಗಿಡ್ಡ. ಪ್ಲೇಟು ಮೇಲೆ ಬಂದಷ್ಟೂ ಹಲ್ಲುಗಳು ಬಗ್ಗುತ್ತವೆ. ಯಾವ ಹಲ್ಲಿನವರೆಗೆ ಬಗ್ಗಿದೆ ನೋಡಿದರೆ ಪ್ಲೇಟು ಎಲ್ಲಿಯವರೆಗೆ ಬಂದಿತ್ತು ಅಂತ ಗೊತ್ತು. ಕೊರತೆ ಒಂದೇ. ಎಷ್ಟು ಬಂತು ಅನ್ನುತ್ತದೆ, ಯಾವಾಗ ಬಂತು ಅನ್ನುವುದಿಲ್ಲ.

‘ಯಾವಾಗ’ ಬೇಕಾದರೆ ಕ್ಯಾಮೆರಾ. ನಿಮ್ಮ ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ ಅನ್ನಿ. ಒಂದು ಚಿತ್ರಕ್ಕೂ ಮುಂದಿನದಕ್ಕೂ 4 ಮಿಲಿಸೆಕೆಂಡಿಗಿಂತ ಜಾಸ್ತಿ ಅಂತರ. ಪ್ಲೇಟಿನ ಇಡೀ ಕಥೆ ಎರಡು ಚಿತ್ರಗಳ ನಡುವೆ ಕಳೆದುಹೋಗುತ್ತದೆ. 20,000 ಚಿತ್ರದ ಕ್ಯಾಮೆರಾದಲ್ಲಿ ಅದೇ 3 ಮಿಲಿಸೆಕೆಂಡಿಗೆ 60 ಚಿತ್ರ ಸಿಗುತ್ತವೆ. ಪ್ಲೇಟಿನ ಒಳಮುಖಕ್ಕೆ ಬಿಳಿ ಬಳಿದು ಮೇಲೆ ಕಪ್ಪು ಚುಕ್ಕೆ ಎರಚುತ್ತಾರೆ, ಗೌಜುಗೌಜಾಗಿ. ಎರಡು ಕ್ಯಾಮೆರಾ ಎರಡು ಕಣ್ಣಿನ ಹಾಗೆ ನೋಡುತ್ತವೆ. ಪ್ರತಿ ಚುಕ್ಕೆ ಎಷ್ಟು ಸರಿಯಿತು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಇಡೀ ಪ್ಲೇಟಿನ ಉಬ್ಬನ್ನು ಚಿತ್ರದಿಂದ ಚಿತ್ರಕ್ಕೆ ಬಿಡಿಸಿ ಕೊಡುತ್ತದೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಬಿಸ್ರು ಎಂಬ ಘಟಕ ಸ್ಫೋಟಕ್ಕೆ ಸಿಕ್ಕ ಪ್ಲೇಟುಗಳ ಮೇಲೆ ಈ ವಿಧಾನ ಬಳಸಿ ಒಳ್ಳೆಯ ಕೆಲಸ ಮಾಡಿದೆ.

ಲ್ಯಾಬಿನಲ್ಲಿ ಚೆಂದ. ಗಾಡಿಯೊಳಗೆ ಬಂದರೆ ತೊಂದರೆ ಶುರು. ಕ್ಯಾಮೆರಾ ಕೂತಿರುವುದೂ ಅದೇ ಗಾಡಿಯಲ್ಲಿ, ಅದೂ ಅಲುಗುತ್ತದೆ. ಬಗ್ಗಿದ್ದು ಪ್ಲೇಟೋ, ಕುಲುಕಿದ್ದು ಕ್ಯಾಮೆರಾನೋ? ಇದನ್ನು ಬಿಡಿಸಲು ಬಗ್ಗದಂಥ ಗಟ್ಟಿ ಜಾಗಗಳಲ್ಲಿ ಗುರುತು ಹಾಕಿಟ್ಟು, ಅವುಗಳಿಗೆ ಹೋಲಿಸಿ ಅಳೆಯಬೇಕು. ಮೇಲಾಗಿ ಒಳಗೆ ದೀಪ ಬೇಕು, ಆ ದೀಪ ಪೆಟ್ಟು ತಾಳಬೇಕು. ವರ್ಷಗಟ್ಟಲೆ ಕೂತಿದ್ದ ಧೂಳು ಆ ಕ್ಷಣದಲ್ಲೇ ಎದ್ದು ಕ್ಯಾಮೆರಾದ ಮುಂದೆ ಪರದೆ ಹಾಕುತ್ತದೆ. ಪರೀಕ್ಷೆಯ ಹಿಂದಿನ ದಿನ ಗಾಡಿಯೊಳಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕೂರುವ ಎಂಜಿನಿಯರುಗಳನ್ನು ನೋಡಿದರೆ ನಿಮಗೆ ನಗು ಬರಬಹುದು. ನಾನೂ ಕೂತಿದ್ದೇನೆ.

ಕ್ಯಾಮೆರಾ ನೋಡಲಾಗದ ಕಡೆ ಆಕ್ಸಿಲರೋಮೀಟರ್, ಅಂದರೆ ವೇಗ ಎಷ್ಟು ಬೇಗ ಬದಲಾಯಿತು (ವೇಗೋತ್ಕರ್ಷ) ಅಂತ ಅಳೆಯುವ ಸಂವೇದಕ. ಇದರ ಬಗ್ಗೆ ನನಗೆ ಹಳೇ ಮುನಿಸಿದೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಪರೀಕ್ಷೆಯಲ್ಲಿ ನೆಲಹಾಸಿಗೆ ಒಂದು ಆಕ್ಸಿಲರೋಮೀಟರ್ ಬಿಗಿದೆ. ಅಳತೆ ಬಂತು, ಗೆರೆ ನೋಡಲು ಮುದ್ದಾಗಿತ್ತು. ಸ್ಥಾನ ತಿಳಿಯಲು ಎರಡು ಸಲ ಇಂಟಿಗ್ರೇಟ್ ಮಾಡಿದೆ, ಅಂದರೆ ವೇಗೋತ್ಕರ್ಷ ಕೂಡಿಸುತ್ತ ವೇಗ, ವೇಗ ಕೂಡಿಸುತ್ತ ಸ್ಥಾನ. ಉತ್ತರ ನೋಡಿ ಹಿರಿಯರು ಕೇಳಿದರು, ‘ಏನಪ್ಪಾ, ನೆಲ ಮಾಳಿಗೆ ಹತ್ತಿತಾ?’ ನನ್ನ ಲೆಕ್ಕದ ಪ್ರಕಾರ ಹತ್ತನೇ ಒಂದು ಸೆಕೆಂಡಿನಲ್ಲಿ ನೆಲಹಾಸು ಸುಮಾರು 5 ಮೀಟರ್ ಮೇಲೆ ಹೋಗಿತ್ತು! ಗಾಡಿಯ ಛಾವಣಿಯನ್ನೂ ದಾಟಿ.

ಆಗಿದ್ದು ಇಷ್ಟು. ನೆಲದ ಪ್ಲೇಟಿನಲ್ಲಿ ಸಾವಿರಾರು ‘ಜಿ’ (ಒಂದು ಜಿ ಅಂದರೆ ಭೂಮಿಯ ಸೆಳೆತದಷ್ಟು) ವೇಗೋತ್ಕರ್ಷ ಒಂದು ಕ್ಷಣ ಬಂದು ಹೋಗುತ್ತದೆ. ಆ ಪೆಟ್ಟಿಗೆ ಸಂವೇದಕದ ಒಳಗಿನ ಹರಳು ಬೆಚ್ಚಿ, ಸೊನ್ನೆ ಅಂದರೆ ಎಲ್ಲಿ ಅನ್ನುವುದನ್ನೇ ಮರೆತುಬಿಡುತ್ತದೆ. ಇದಕ್ಕೆ ಝೀರೋ ಶಿಫ್ಟ್ ಅನ್ನುತ್ತಾರೆ. 5,000 ಜಿ ಅಳೆಯುವ ಸಂವೇದಕ 100 ಜಿ ತಪ್ಪಿದರೆ ಅದು ಬರೀ 2 ಶೇಕಡಾ. ಕಾಗದದ ಮೇಲೆ ಕಾಣುವುದೇ ಇಲ್ಲ. ಆದರೆ ಆ 100 ಜಿ ಸುಮ್ನೆ ಕೂರುವುದಿಲ್ಲ. ಇಂಟಿಗ್ರೇಟ್ ಮಾಡಿದಂತೆ ಬಡ್ಡಿಗೆ ಬಡ್ಡಿ ಸೇರಿ ಬೆಳೆಯುತ್ತದೆ. 10 ಮಿಲಿಸೆಕೆಂಡಿಗೆ 49 ಮಿಮೀ ತಪ್ಪು. 100 ಮಿಲಿಸೆಕೆಂಡಿಗೆ 4.9 ಮೀಟರ್. ಮಾಳಿಗೆ ಹತ್ತಿದ್ದು ಹೀಗೆ.

ಆಮೇಲೆ ಕಲಿತದ್ದು: ಜಾಗ ನೋಡಿ ಸಂವೇದಕ ಆರಿಸಬೇಕು. ಪೆಟ್ಟು ಜೋರಿರುವ ಕಡೆ ಒತ್ತಿದಾಗ ವಿದ್ಯುತ್ ಹುಟ್ಟಿಸುವ ಪೀಜೋ ಹರಳಿನದ್ದಕ್ಕಿಂತ, ಒತ್ತಿದಾಗ ವಿದ್ಯುತ್ ತಡೆ ಬದಲಾಗುವ ಪೀಜೋರೆಸಿಸ್ಟಿವ್ ಬಗೆಯದ್ದು ಸೊನ್ನೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಸಂವೇದಕದ ಕೆಳಗೆ ಮೆತ್ತನೆಯ ಪದರ ಕೊಟ್ಟು ಲೋಹದ ‘ಟಿಣ್’ ಎನ್ನುವ ಕಂಪನವನ್ನು ಅಲ್ಲೇ ತಡೆಯಬೇಕು. ಒಂದೇ ಜಾಗವನ್ನು ಎರಡು ಬೇರೆ ವಿಧಾನದಲ್ಲಿ ಅಳೆದು ತಾಳೆ ನೋಡಬೇಕು. ನನ್ನ 5 ಮೀಟರನ್ನು ಹಿಡಿದುಕೊಟ್ಟಿದ್ದು ಪಕ್ಕದಲ್ಲಿದ್ದ ಒಂದು ಕುಸಿಯುವ ಕೊಳವೆ. ಅದರ ಬೆಲೆ ಸಂವೇದಕದ ಕೇಬಲಿಗೂ ಸಾಲದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ನೆಲದಲ್ಲಿ ಇಷ್ಟು ಜಿ ಬಂತು’ ಅಂತ ಯಾರಾದರೂ ಹೇಳಿದರೆ ಮೊದಲು ‘ಯಾವ ಫಿಲ್ಟರ್?’ ಅಂತ ಕೇಳಿ. ಫಿಲ್ಟರ್ ಹಾಕದ ಗೆರೆಯಲ್ಲಿ ಲೋಹದ ಸದ್ದೆಲ್ಲ ಸೇರಿ ತುದಿ ಆಕಾಶ ಮುಟ್ಟಿರುತ್ತದೆ. ಜೋರಾಗಿ ಸೋಸಿದರೆ ಅದೇ ಗೆರೆ ಗುಡ್ಡೆಯಷ್ಟಾಗುತ್ತದೆ. ಕಾರು ಡಿಕ್ಕಿ ಪರೀಕ್ಷೆಯವರು ಇದಕ್ಕೆ ಎಸ್‌ಎಇ ಜೆ211 ಅಂತ ನಿಯಮ ಮಾಡಿಟ್ಟಿದ್ದಾರೆ. ನಾವೂ ಅದನ್ನೇ ಎರವಲು ತಂದಿದ್ದೇವೆ. ಫಿಲ್ಟರ್ ಹೇಳದ ಜಿ, ಊರ ಹೆಸರಿಲ್ಲದ ವಿಳಾಸ.

ಒಂದು ಕುತೂಹಲದ ಸಂಗತಿ. ಪ್ಲೇಟು ಏನು ಮಾಡಿತು ಅಂತ ಅಳೆಯುವುದಕ್ಕಿಂತ ಪ್ಲೇಟಿಗೆ ಬಿದ್ದ ಒತ್ತಡ ಎಷ್ಟು ಅಂತ ಅಳೆಯುವುದು ಇನ್ನೂ ಕಷ್ಟ. ಮಾಮೂಲಿ ಪ್ರೆಷರ್ ಗೇಜು ಸಿಡಿದ ಮಣ್ಣಿಗೆ ಸಿಕ್ಕಿ ಪುಡಿಯಾಗುತ್ತದೆ. 1914ರಲ್ಲಿ ಬರ್ಟ್ರಾಮ್ ಹಾಪ್ಕಿನ್ಸನ್ ಒಂದು ಜಾಣ ದಾರಿ ತೋರಿಸಿದ. ಉದ್ದ ಉಕ್ಕಿನ ಸರಳಿನ ಒಂದು ತುದಿ ಪೆಟ್ಟು ತಿನ್ನಲಿ, ಆ ಅಲೆ ಸರಳಿನೊಳಗೆ ಓಡಿ ಬರಲಿ, ನಾವು ದೂರದಲ್ಲಿ ಕೂತು ಅಳೆಯೋಣ. ಶೆಫೀಲ್ಡ್ ವಿಶ್ವವಿದ್ಯಾಲಯದವರು ನೂರು ವರ್ಷದ ಆಮೇಲೆ ಅದೇ ತಂತ್ರದಲ್ಲಿ 17 ಸರಳುಗಳನ್ನು ಒಂದು ದಪ್ಪ ಪ್ಲೇಟಿಗೆ ಜೋಡಿಸಿ, ಹೂತ ಸಿಡಿಮದ್ದಿನ ಪೆಟ್ಟು ಎಲ್ಲಿ ಎಷ್ಟು, ಯಾವ ಕ್ಷಣಕ್ಕೆ ಬೀಳುತ್ತದೆ ಅಂತ ಅಳೆದರು. ಕಂಪ್ಯೂಟರ್ ಮಾದರಿಗಳನ್ನು ಒರೆಗೆ ಹಚ್ಚಲು ಇಂಥ ಅಳತೆಗಳೇ ಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಒಳಗಿದ್ದವರು. ಉಕ್ಕನ್ನು ಎಷ್ಟೇ ಚೆನ್ನಾಗಿ ಅಳೆದರೂ ಮೂಳೆಯ ಉತ್ತರ ಅದರಿಂದ ಬರುವುದಿಲ್ಲ. ಅದಕ್ಕೇ ಡಮ್ಮಿ ಕೂರಿಸುತ್ತಾರೆ. ಹೈಬ್ರಿಡ್ 3 ಎಂಬ ಈ ಬೊಂಬೆ ಜನರಲ್ ಮೋಟರ್ಸ್‌ನವರು 1976ರಲ್ಲಿ ಕಾರು ಡಿಕ್ಕಿಗಾಗಿ ಮಾಡಿದ್ದು. ತೂಕ 78 ಕೆಜಿ. ಬೂಟು ಹಾಕಿಸಿ, ಬೆಲ್ಟು ಕಟ್ಟಿ, ಕಾಲು ಸರಿಯಾಗಿ ಇಡಿಸಿ ಕೂರಿಸುತ್ತೇವೆ. ಮದುವೆ ಗಂಡಿಗೂ ಇಷ್ಟು ಉಪಚಾರ ಇರುವುದಿಲ್ಲ.

ನ್ಯಾಟೋ ದೇಶಗಳ ಮಾನದಂಡ ಸ್ಟಾನಾಗ್ 4569. ಪರೀಕ್ಷೆ ಮಾಡುವ ಬಗೆಯನ್ನು ಎಇಪಿ-55 ಎಂಬ ಕೈಪಿಡಿ ಹೇಳುತ್ತದೆ. ಅದರಲ್ಲಿ ಮೊದಲು ನೋಡುವುದು ಮೊಣಕಾಲಿನ ಕೆಳಗಿನ ಮೂಳೆಯ ಮೇಲಿನ ಒತ್ತಡ. ಹೈಬ್ರಿಡ್ 3 ಕಾಲಿನಲ್ಲಿ ಅದು 5.4 ಕಿಲೋನ್ಯೂಟನ್ ದಾಟಬಾರದು. ಅಂದರೆ 550 ಕೆಜಿ ಭಾರ ಒಂದು ಕಾಲಿನ ಮೇಲೆ ಬಿದ್ದಷ್ಟು. ಆಮೇಲೆ ಬೆನ್ನು. ಬೆನ್ನಿಗೆ ಡಿಆರ್‌ಐ ಎಂಬ ಅಳತೆ, ಮಿತಿ 17.7. ಇದು ಹುಟ್ಟಿದ್ದು ಯುದ್ಧವಿಮಾನದ ಪೈಲಟ್ ಸೀಟು ಸಮೇತ ಹೊರಗೆ ಚಿಮ್ಮಿದಾಗ ಬೆನ್ನುಮೂಳೆ ಏನಾಗುತ್ತದೆ ಅನ್ನುವ ಅಧ್ಯಯನದಲ್ಲಿ. ಬೆನ್ನನ್ನು ಒಂದು ತೂಕ, ಒಂದು ಸ್ಪ್ರಿಂಗು, ಒಂದು ಡ್ಯಾಂಪರ್ ಅಂತ ಇಟ್ಟುಕೊಳ್ಳುತ್ತಾರೆ. ಡಮ್ಮಿಯ ಸೊಂಟದಲ್ಲಿ ಅಳೆದ ವೇಗೋತ್ಕರ್ಷವನ್ನು ಈ ಸ್ಪ್ರಿಂಗಿಗೆ ಕೊಟ್ಟು ಎಷ್ಟು ಕುಗ್ಗಿತು ಅಂತ ನೋಡುವುದು. ನಿಮ್ಮ ವೈಬ್ರೇಷನ್ ಕ್ಲಾಸಿನ ಮೊದಲ ಲೆಕ್ಕವೇ ಇದು. ಫ್ರೀಕ್ವೆನ್ಸಿ ಸೆಕೆಂಡಿಗೆ 52.9 ರೇಡಿಯನ್, ಡ್ಯಾಂಪಿಂಗ್ ಅನುಪಾತ 0.224 ಹಾಕಿ ನೀವೇ ಪ್ರೋಗ್ರಾಂ ಬರೆಯಬಹುದು. 17.7 ಬಂದಾಗ ಆ ಸ್ಪ್ರಿಂಗು 62 ಮಿಮೀ ಕುಗ್ಗಿರುತ್ತದೆ. ಕುತ್ತಿಗೆಗೆ, ಎದೆಗೂಡಿಗೂ ಇಂಥ ಮಿತಿಗಳಿವೆ.

ಇಲ್ಲಿ ‘ಏನೂ ಆಗಲ್ಲ’ ಎಂಬ ನಿಮ್ಮ ಮಾತನ್ನು ತಿದ್ದಬೇಕು. ಈ ಮಿತಿಗಳ ಅರ್ಥ ಗಾಯವೇ ಆಗುವುದಿಲ್ಲ ಅಂತಲ್ಲ. ಕಾಲಿಗೆ, ಬೆನ್ನಿಗೆ ಹಾಕಿರುವ ಗೆರೆ, ಮೂಳೆ ಮುರಿತದಂಥ ಗಾಯ ನೂರಕ್ಕೆ ಹತ್ತು ಜನರಿಗೆ ಆಗಬಹುದಾದ ಜಾಗದಲ್ಲಿದೆ. ಪಾಸ್ ಅಂದರೆ ಅದಕ್ಕಿಂತ ಕೆಳಗಿದೆ ಅಂತ.

ಡಮ್ಮಿಯೂ ದೇವರಲ್ಲ. ಮುಂದಿನಿಂದ ಬರುವ ಪೆಟ್ಟಿಗೆ ಮಾಡಿದ ಬೊಂಬೆಗೆ ನಾವು ಕೆಳಗಿಂದ ಗುದ್ದುತ್ತಿದ್ದೇವೆ. ಅದರ ಕಾಲು ಮನುಷ್ಯನ ಕಾಲಿಗಿಂತ ಬಿರುಸು. ಅದಕ್ಕೆ ಮಿಲ್-ಎಲ್‌ಎಕ್ಸ್ ಎಂಬ ಬೇರೆ ಕಾಲು ಬಂತು, ನಡುವೆ ರಬ್ಬರಿನಂಥ ಮೆತ್ತನೆ ತುಂಡಿರುವುದು. ಅದರಲ್ಲಿ ಮಿತಿ 2.6 ಕಿಲೋನ್ಯೂಟನ್. ಕಾಲು ಬದಲಾದರೆ ಮಿತಿಯೂ ಬದಲಾಗುತ್ತದೆ, ಎರಡನ್ನೂ ಬೆರೆಸಿ ಓದಬಾರದು. ಅಮೆರಿಕದ ಸೇನೆ ತಳಸ್ಫೋಟಕ್ಕಾಗಿಯೇ ವಯಾಮ್ಯಾನ್ ಎಂಬ ಹೊಸ ಡಮ್ಮಿಯನ್ನು ಬೆಳೆಸಿದ್ದೂ ಈ ಅತೃಪ್ತಿಯಿಂದಲೇ.

ಸ್ಟಾನಾಗ್‌ನಲ್ಲಿ ಪರೀಕ್ಷೆಯ ಸಿಡಿಮದ್ದಿನ ತೂಕಕ್ಕೆ ತಕ್ಕಂತೆ ಲೆವೆಲ್‌ಗಳಿವೆ. 2ಕ್ಕೆ 6 ಕೆಜಿ, 3ಕ್ಕೆ 8, 4ಕ್ಕೆ 10. ಪಕ್ಕದಲ್ಲಿ ‘ಎ’ ಇದ್ದರೆ ಚಕ್ರದ ಕೆಳಗೆ, ‘ಬಿ’ ಇದ್ದರೆ ಹೊಟ್ಟೆಯ ಕೆಳಗೆ. ಬರೀ ‘ಲೆವೆಲ್ 4’ ಅಂತ ಜಾಹೀರಾತಿನಲ್ಲಿ ಬರೆದಿದ್ದರೆ ಎನೋ ಬಿನೋ ಅಂತ ಕೇಳಲೇಬೇಕು. ಎರಡಕ್ಕೂ ಅಜಗಜಾಂತರ. ಮಣ್ಣಿನ ಬಗೆ, ಅದರ ಬಿಗಿ, ತೇವ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅದಕ್ಕೇ ಪರೀಕ್ಷೆಯ ಗುಂಡಿಯ ಮಣ್ಣನ್ನೂ ಸೋಸಿ, ತೂಗಿ, ಬಡಿದು ತುಂಬುತ್ತಾರೆ. ಮಣ್ಣಿನ ಜಂಜಾಟವೇ ಬೇಡ ಅಂದರೆ ಉಕ್ಕಿನ ಮಡಕೆಯೊಳಗೆ ಸಿಡಿಮದ್ದು ಇಡುವ ಪದ್ಧತಿಯೂ ಇದೆ.

ಹಾಗಾಗಿ ಈ ಲೆವೆಲ್ ಅನ್ನುವುದು ಗಾಡಿ ಗಾಡಿಯನ್ನು ಹೋಲಿಸುವ ಅಳತೆಗೋಲು, ಅಭಯಹಸ್ತ ಅಲ್ಲ. ರಸ್ತೆಯಲ್ಲಿ ಹೂತಿಡುವವರು ಕೈಪಿಡಿ ಓದಿ ತೂಗುವುದಿಲ್ಲ. 2018ರ ಮಾರ್ಚ್ 13ರಂದು ಛತ್ತೀಸ್‌ಗಢದ ಸುಕ್ಮಾದಲ್ಲಿ, ಕಿಸ್ತಾರಾಮ್ ಹತ್ತಿರ, ನೆಲಬಾಂಬ್ ತಡೆಯುವ ವಾಹನದಲ್ಲಿದ್ದ 9 ಸಿಆರ್‌ಪಿಎಫ್ ಜವಾನರು ಸ್ಫೋಟಕ್ಕೆ ಬಲಿಯಾದರು. ನಿಮ್ಮ ಅಣ್ಣನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವರಿಗೆ ನಾನು ಹೇಳಬಹುದಾದದ್ದು, ಪರೀಕ್ಷೆಯ ಮೈದಾನದಲ್ಲಿ ಪದೇಪದೇ ನೋಡಿದ್ದು ಮಾತ್ರ. ಹೊಸ ಗಾಡಿಗಳಲ್ಲಿ ಸೀಟನ್ನು ನೆಲಕ್ಕೆ ಬಿಗಿಯುವುದಿಲ್ಲ, ಛಾವಣಿಗೋ ಪಕ್ಕದ ಗೋಡೆಗೋ ನೇತುಹಾಕುತ್ತಾರೆ. ತಳದ ಪೆಟ್ಟು ನೇರ ಬೆನ್ನಿಗೆ ಹತ್ತಬಾರದು ಅಂತ. ಕಾಲಿಡಲು ನೆಲದಿಂದ ಮೇಲೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಕಾಲು ಅದರ ಮೇಲೆ ಇದ್ದರೆ ಒಂದು ಲೆಕ್ಕ, ಇಳಿಬಿಟ್ಟು ನೆಲಕ್ಕೆ ಊರಿದ್ದರೆ ಬೇರೆಯೇ ಲೆಕ್ಕ. ಡಮ್ಮಿಯ ಕಾಲಿನ ಅಳತೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸೀಟಿನ ಕೆಳಗೆ ಟ್ರಂಕು, ಕ್ಯಾನು ತುರುಕಿದರೆ ಸೀಟು ಕೆಳಕ್ಕೆ ಜಾರಿ ಪೆಟ್ಟು ನುಂಗುವ ಜಾಗವೇ ಇಲ್ಲದಂತಾಗುತ್ತದೆ. ಬೆಲ್ಟು ಹಾಕದವನಿಗೆ ನಾನು ಮೇಲೆ ‘ಕಡಿಮೆ ಹೆದರಿಕೆ’ ಅಂದ ಆ ಒಂದಡಿ ಹಾರಾಟವೇ ತಲೆಗೆ ಛಾವಣಿ ಬಡಿಸುತ್ತದೆ. ಕಟ್ಟದೆ ಇಟ್ಟ ಸ್ಪ್ಯಾನರ್ ಡಬ್ಬ ಒಮ್ಮೆ ಡಮ್ಮಿಯ ಮುಖಕ್ಕೆ ಬಡಿದದ್ದನ್ನು ನಾನು 60 ಚಿತ್ರಗಳಲ್ಲಿ ಒಂದೊಂದಾಗಿ ನೋಡಿದ್ದೇನೆ.

ಮುಂದಿನ ಸಲ ಅವರು ರಜೆಗೆ ಬಂದಾಗ ಕೇಳಿ, ಅವರ ಗಾಡಿಯಲ್ಲಿ ಸೀಟು ಎಲ್ಲಿಗೆ ಬಿಗಿದಿದೆ ಅಂತ.